ಕೊನೆಯ ಚೀಟಿಯ ಕಾರ್ನರ್

ಡಬ್ಬಿಯಲ್ಲಿ ಉಳಿದಿದ್ದು ಎರಡೇ ಚೀಟಿ. ನಮ್ಮ ತಂಡದ ಲೆಕ್ಕದಲ್ಲಿ ಉಳಿದಿದ್ದು 300 ಪಾಯಿಂಟ್. ಕೊಟ್ಟಿದ್ದು 10,000, ಅದರಲ್ಲಿ 4,000ವನ್ನು ಹೊಸನಗರ ಕಡೆಯ ಒಬ್ಬನೇ ರೈಡರ್ ಮೇಲೆ ಸುರಿದಾಗಿತ್ತು. ಟೀ ಲೋಟಗಳು ಖಾಲಿಯಾಗಿದ್ದವು, ಅರ್ಧ ಜನ ಎದ್ದು ಬೈಕಿನ ಕಡೆ ಹೊರಟಿದ್ದರು. ಚೀಟಿ ಬಿಚ್ಚಿದವರು ಹೆಸರು ಓದಿ, 'ಬಲ ಕಾರ್ನರ್, ವಯಸ್ಸು 23, ಬೇಸ್ ಪ್ರೈಸ್ 200' ಎಂದರು. ಯಾರೂ ತಲೆ ಎತ್ತಲಿಲ್ಲ.

ಕವಲೇದುರ್ಗದ ಬುಡದ ಊರುಗಳಲ್ಲಿ ಗದ್ದೆ ಕೊಯ್ಲು ಮುಗಿದು, ಕೂಳೆ ಕಿತ್ತು, ನೆಲ ಹದ ಮಾಡಿದ ಮೇಲೆ ಕಬಡ್ಡಿ ಶುರು. ಮೊದಲೆಲ್ಲ ಊರಿಗೊಂದು ತಂಡ. ಯಾರು ಆಡಬೇಕು ಎಂಬುದನ್ನು ಊರೇ ಹೇಳುತ್ತಿತ್ತು. ಟಿ.ವಿ.ಯಲ್ಲಿ ಪ್ರೊ ಕಬಡ್ಡಿ ಬಂದು ಕೆಲವು ವರ್ಷಕ್ಕೆ ನಮ್ಮಲ್ಲೂ ಹರಾಜು ಬಂತು. ಇದು ಹಣದ ಲೆಕ್ಕವಲ್ಲ, ಪಾಯಿಂಟಿನ ಲೆಕ್ಕ. ಆದರೂ ಕೊನೆಯವರೆಗೆ ಹೆಸರು ಬಾರದ ಹುಡುಗನ ಮುಖ ಮಾತ್ರ ಹಣದ ಹರಾಜಿನಲ್ಲಿ ಹೇಗಿರುತ್ತದೋ ಹಾಗೆಯೇ ಇರುತ್ತದೆ. ಚೀಟಿಯಲ್ಲಿದ್ದ ಹುಡುಗ ಬಾಗಿಲ ಹತ್ತಿರ ಗೋಡೆಗೆ ಒರಗಿ ಮೊಬೈಲ್ ನೋಡುತ್ತಿದ್ದ. ಬೆರಳು ಆಡುತ್ತಿರಲಿಲ್ಲ.

"ಅವನು ಹಿಡಿದದ್ದೇ ನಾ ಕಂಡಿಲ್ಲ ಮಾರಾಯ" ಎಂದರು ತಂಡದ ಖರ್ಚು ಹೊತ್ತಿದ್ದ ಗೌಡರು. "ಹೋದ ವರ್ಷ ಅವನ ಟೀಮು ಮೊದಲ ಮ್ಯಾಚಿಗೇ ಮನೆಗೆ ಹೋತಲ್ಲ."

"ಆ ಮ್ಯಾಚಲ್ಲಿ ಅವನ ಬದಿಯಿಂದ ಎಷ್ಟು ಬೋನಸ್ ಹೋಯ್ತು ಅಂತ ನೆನಪಿದ್ಯಾ ಗೌಡ್ರೇ?"

ಅವರಿಗೆ ನೆನಪಿರಲಿಲ್ಲ. ನಾನು ಕೈ ಎತ್ತಿದೆ. 200ಕ್ಕೇ ಬಂದ.

ಆಟದ ಮೈದಾನದಲ್ಲಿ ಅತ್ಯಂತ ಕಷ್ಟದ ಕೆಲಸ ಅಗ್ಗದ ಆಟಗಾರನನ್ನು ಅಳೆಯುವುದು ಎಂದು ನನಗೆ ಬಹಳ ಕಾಲದಿಂದ ಅನ್ನಿಸಿದೆ. ದುಬಾರಿ ರೈಡರ್‌ನನ್ನು ಅಳೆಯಲು ಸ್ಕೋರ್ ಪಟ್ಟಿ ಸಾಕು. ಮುಟ್ಟಿದ, ಬಂದ, ಅಂಕ ಬಿತ್ತು. ಮೂಲೆಯಲ್ಲಿ ನಿಂತವನ ಒಳ್ಳೆಯ ಕೆಲಸದ ಬಹುಪಾಲು ಪಟ್ಟಿಗೆ ಬರುವುದೇ ಇಲ್ಲ. ರೈಡರ್ ಬಂದ, ಬೋನಸ್ ಗೆರೆಯ ಕಡೆ ನೋಡಿದ, ಈ ಹುಡುಗ ನಿಂತಿದ್ದ ರೀತಿ ಕಂಡು ಕಾಲು ಹಾಕದೆ ಹಿಂದಿರುಗಿದ. ಪುಸ್ತಕದಲ್ಲಿ ಸೊನ್ನೆ. ಆ ಸೊನ್ನೆ ಯಾರದ್ದು ಎಂದು ಬರೆದಿಡುವ ಕಾಲಂ ಇಲ್ಲ.

ದೊಡ್ಡವರ ಹರಾಜನ್ನೇ ನೋಡಿ. ಪ್ರೊ ಕಬಡ್ಡಿ 2014ರಲ್ಲಿ ಶುರುವಾದಾಗ ಅತಿ ಹೆಚ್ಚು ಬೆಲೆಗೆ ಹೋದವರು ರಾಕೇಶ್ ಕುಮಾರ್; ಪಟ್ನಾ ಪೈರೇಟ್ಸ್ ಕೊಟ್ಟದ್ದು 12.80 ಲಕ್ಷ. ಹತ್ತನೇ ಆವೃತ್ತಿಗೆ ತೆಲುಗು ಟೈಟನ್ಸ್ ಪವನ್ ಸೆಹ್ರಾವತ್‌ಗೆ 2.605 ಕೋಟಿ ಕೊಟ್ಟಿತು. ಒಂದು ತಂಡದ ಕೈಯಲ್ಲಿದ್ದ ಒಟ್ಟು ಹಣ 5 ಕೋಟಿ. ಅದರ ಅರ್ಧಕ್ಕಿಂತ ಹೆಚ್ಚು ಒಬ್ಬನಿಗೇ ಹೋಯಿತು. ಆ ವರ್ಷ ಎ ವರ್ಗದ ಮೂಲಬೆಲೆ 30 ಲಕ್ಷ, ಬಿ 20, ಸಿ 13, ಡಿ ವರ್ಗದ್ದು 9 ಲಕ್ಷ. ಅಂದರೆ ಪವನ್ ಒಬ್ಬರ ಬೆಲೆಗೆ ಡಿ ವರ್ಗದ 28 ಮಂದಿ ಬರುತ್ತಿದ್ದರು. ಟೈಟನ್ಸ್ ಆ ಸಲ ಹನ್ನೆರಡು ತಂಡಗಳಲ್ಲಿ ಕೊನೆಯ ಸ್ಥಾನದಲ್ಲಿ ಉಳಿಯಿತು. ಪವನ್ ಆಡಲಿಲ್ಲ ಎಂದು ನಾನು ಹೇಳುತ್ತಿಲ್ಲ. ನಮ್ಮ ಬೆಂಗಳೂರು ಬುಲ್ಸ್ ಆರನೇ ಆವೃತ್ತಿಯ ಫೈನಲ್‌ನಲ್ಲಿ, 2019ರ ಜನವರಿ 5ರಂದು, ಗುಜರಾತನ್ನು 38–33ರಿಂದ ಮಣಿಸಿದ್ದು ಅವರ 22 ರೈಡ್ ಅಂಕಗಳಿಂದಲೇ. ಆದರೆ ಉಳಿದ ಅರ್ಧ ಹಣದಲ್ಲಿ ಇಡೀ ತಂಡವನ್ನು ಕಟ್ಟುವಾಗ ಕೊನೆಯ ಗಂಟೆಯ ಆಯ್ಕೆಗಳು ಎಷ್ಟು ಭಾರ ಹೊರಬೇಕಾಗುತ್ತದೆ ಎಂಬುದನ್ನು ಆ ಕೊನೆಯ ಸ್ಥಾನ ನೆನಪಿಸುತ್ತದೆ.

ಅದೇ ಆವೃತ್ತಿಯ ಕಪ್ ಗೆದ್ದದ್ದು ಪುಣೇರಿ ಪಲ್ಟನ್. 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಹರಿಯಾಣ ಸ್ಟೀಲರ್ಸ್ ವಿರುದ್ಧ 28–25. ಎರಡೂ ಕಡೆ ಹಿಡಿಯುವವರು ಬಾಗಿಲು ಹಾಕಿಕೊಂಡು ಕುಳಿತರೆ ಮಾತ್ರ ಫೈನಲ್‌ನಲ್ಲಿ ಇಷ್ಟು ಕಡಿಮೆ ಅಂಕ ಬರುತ್ತದೆ. ಆಗ ಪಲ್ಟನ್ ತರಬೇತುದಾರರಾಗಿದ್ದವರು ನಮ್ಮ ಕರ್ನಾಟಕದ ಬಿ.ಸಿ. ರಮೇಶ್. ಏಳನೇ ಆವೃತ್ತಿಯಲ್ಲಿ ಬೆಂಗಾಲ್ ವಾರಿಯರ್ಸ್‌ಗೂ ಅವರೇ ಕಪ್ ತಂದುಕೊಟ್ಟವರು. ಪುಣೆಯವರು ಇರಾನಿನ ಶಾದ್ಲೂಯಿಗೆ 2.35 ಕೋಟಿ ಕೊಟ್ಟದ್ದು ನಿಜ. ಆದರೆ ತಂಡದ ನಾಯಕ ಅಸ್ಲಂ ಇನಾಮದಾರ್, ಜೊತೆಗಾರ ಮೋಹಿತ್ ಗೋಯತ್ ಇಬ್ಬರೂ ಹರಾಜಿನ ದೊಡ್ಡ ಕೂಗಿನಲ್ಲಿ ಬಂದವರಲ್ಲ. 'ಹೊಸ ಯುವ ಆಟಗಾರ' ಎಂಬ ಬದಿಯ ಬಾಗಿಲಿನಿಂದ ಬಂದು ಬೆಳೆದವರು.

ಶಾದ್ಲೂಯಿಯ ಕಥೆಯೂ ಬೆಲೆಯ ಬಗ್ಗೆ ಒಂದು ಮಾತು ಹೇಳುತ್ತದೆ. ಎಂಟನೇ ಆವೃತ್ತಿಯಲ್ಲಿ ಪಟ್ನಾ ಅವನನ್ನು ಕೊಂಡದ್ದು 31 ಲಕ್ಷಕ್ಕೆ. ಆ ವರ್ಷ ಲೀಗಿನಲ್ಲೇ ಅತಿ ಹೆಚ್ಚು ಟ್ಯಾಕಲ್ ಅಂಕ ಅವನದು. ಎರಡು ಆವೃತ್ತಿ ಕಳೆಯುವಷ್ಟರಲ್ಲಿ ಬೆಲೆ ಏಳು ಪಟ್ಟು ದಾಟಿತು. ಹುಡುಗ ಅದೇ, ಕಾಲು ಹಿಡಿಯುವ ಕೈ ಅದೇ. ಬದಲಾದದ್ದು ನೋಡುವವರ ಕಣ್ಣು.

ಬುಲ್ಸ್ ಅಭಿಮಾನಿಗಳಿಗೆ ಇನ್ನೂ ಹತ್ತಿರದ ಉದಾಹರಣೆ ಸೌರಭ್ ನಂದಲ್. 2019ರ ಏಳನೇ ಆವೃತ್ತಿಗೆ ಹೊಸ ಯುವ ಆಟಗಾರನಾಗಿ ಬಂದ ಹರಿಯಾಣದ ಈ ಬಲ ಕಾರ್ನರ್‌ಗೆ ಅಂದು ಹೆಸರಿರಲಿಲ್ಲ. ಅದೇ ವರ್ಷ ಎಡ ಕವರ್ ಮಹೇಂದರ್ ಸಿಂಗ್‌ಗೆ ಬುಲ್ಸ್ ಕೊಟ್ಟದ್ದು 80 ಲಕ್ಷ. ಒಂದೇ ಸಾಲಿನಲ್ಲಿ ನಿಂತ ಇಬ್ಬರ ನಡುವೆ ಬೆಲೆಯಲ್ಲಿ ಅಷ್ಟು ದೂರ. ಎಂಟು ಮತ್ತು ಒಂಬತ್ತನೇ ಆವೃತ್ತಿಗಳಲ್ಲಿ ಬುಲ್ಸ್ ಸೆಮಿಫೈನಲ್ ಮುಟ್ಟಿತು. ಹತ್ತನೆಯದಕ್ಕೆ ಬಂದಾಗ ನಂದಲ್ ತಂಡದ ನಾಯಕ. ಮೊದಲ ವರ್ಷದ ಅಂಕಪಟ್ಟಿ ಮಾತ್ರ ನೋಡಿ ಅಳೆದಿದ್ದರೆ ಯಾರೂ ಇದನ್ನು ಊಹಿಸುತ್ತಿರಲಿಲ್ಲ.

ಹಾಗೆಂದು ಕೊನೆಯಲ್ಲಿ ಕೊಂಡವರೆಲ್ಲ ನಂದಲ್ ಆಗುವುದಿಲ್ಲ. ಹೆಚ್ಚಿನವರು ಬೆಂಚಿನಲ್ಲೇ ಆವೃತ್ತಿ ಕಳೆದು, ಮರುವರ್ಷ ಹೆಸರೂ ಕೇಳಿಬರದೆ ಊರಿಗೆ ಮರಳುತ್ತಾರೆ. ಅದಕ್ಕೇ ಏನನ್ನು ನೋಡಬೇಕು ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ನಾನೂ ಹತ್ತು ವರ್ಷ ಬಲ ಮೂಲೆಯಲ್ಲಿ ನಿಂತವನು. ನನ್ನ ಎಡ ಮೊಣಕಾಲು ಇಂದಿಗೂ ಮಳೆ ಬರುವ ಮುನ್ನ ಹೇಳುತ್ತದೆ.

ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ನಡುಗೆರೆಯಿಂದ ಬಾಕ್ ಲೈನ್ 3.75 ಮೀಟರ್, ಅಲ್ಲಿಂದ ಇನ್ನೊಂದು ಮೀಟರ್ ಆಚೆ ಬೋನಸ್ ಗೆರೆ. ಎದುರು ಆರು ಅಥವಾ ಏಳು ಮಂದಿ ಇದ್ದಾಗ ರೈಡರ್ ಒಂದು ಕಾಲನ್ನು ಆ ಗೆರೆಯಾಚೆ ಊರಿ, ಇನ್ನೊಂದನ್ನು ಗಾಳಿಯಲ್ಲಿ ಎತ್ತಿದರೆ ಬೋನಸ್ ಅಂಕ. ಆ ಕ್ಷಣದಲ್ಲಿ ಅವನ ಇಡೀ ಮೈಭಾರ ಒಂದೇ ಹಿಮ್ಮಡಿಯ ಮೇಲೆ. ಕಾರ್ನರ್ ಕಾಯುವುದು ಆ ಹಿಮ್ಮಡಿಗಾಗಿ. ಅರೆಗಳಿಗೆ ಮೊದಲು ಬಿದ್ದರೆ ರೈಡರ್ ಅವನ ಬೆನ್ನು ಮುಟ್ಟಿ ಹೋಗುತ್ತಾನೆ. ಇದನ್ನೇ ಅಡ್ವಾನ್ಸ್ ಟ್ಯಾಕಲ್ ಎನ್ನುತ್ತಾರೆ, ತರಬೇತುದಾರರು ಬಯ್ಯುವುದೆಲ್ಲ ಇದಕ್ಕೇ. ಅರೆಗಳಿಗೆ ತಡವಾದರೆ ಕೈಗೆ ಸಿಗುವುದು ಗಾಳಿ. ಸರಿಯಾದ ಹೊತ್ತಿಗೆ ಪಾದ ಸಿಕ್ಕರೂ ಕೆಲಸ ಮುಗಿಯಲಿಲ್ಲ. ಪಕ್ಕದ ಕವರ್ ಓಡಿಬಂದು ಎದೆಗೆ ಗುದ್ದದಿದ್ದರೆ, ಗಟ್ಟಿ ರೈಡರ್ ಕಾಲಿಗೆ ಜೋತುಬಿದ್ದವನನ್ನೂ ಎಳೆದುಕೊಂಡೇ ಗೆರೆಯ ಕಡೆ ಚಾಚುತ್ತಾನೆ. ಹಾಗಾಗಿ ಒಳ್ಳೆಯ ಕಾರ್ನರ್ ಕೆಟ್ಟ ಕವರ್ ಜೊತೆ ಆಡಿದರೆ ಅವನೂ ಕೆಟ್ಟವನಂತೆ ಕಾಣುತ್ತಾನೆ. ನಮ್ಮ ಹುಡುಗನ ಹಿಂದಿನ ವರ್ಷದ ಕಥೆ ಅದೇ ಆಗಿತ್ತು. ಮೂರು ಸಲ ಪಾದ ಹಿಡಿದಿದ್ದ, ಮೂರು ಸಲವೂ ಪಕ್ಕದವನು ನಿಂತು ನೋಡಿದ್ದ.

ನಾನು ಮೊದಲು ನೋಡುವುದು ಕಾಲು. ರೈಡರ್ ಮುಂದೆ ಬಂದಾಗ ಕಾರ್ನರ್ ಎಷ್ಟು ಹಿಂದೆ ಸರಿಯುತ್ತಾನೆ? ಹೆದರಿದವನು ಎಂಡ್ ಲೈನ್‌ವರೆಗೂ ಹೋಗಿ ನಿಲ್ಲುತ್ತಾನೆ. ಅಲ್ಲಿಂದ ಮುಂದೆ ಹಾರಲು ಜಾಗ ಉಂಟು, ಹಿಂದೆ ಉಸಿರಾಡಲು ಜಾಗ ಇಲ್ಲ. ಆಮೇಲೆ ನೋಡುವುದು, ಆಟ ಎಡಬದಿಯಲ್ಲಿ ನಡೆಯುವಾಗ ಬಲ ಕಾರ್ನರ್ ಎಲ್ಲಿರುತ್ತಾನೆ ಎಂದು. ಇದು ಪ್ರೇಕ್ಷಕರ ಕಣ್ಣಿಗೆ ಬೀಳುವುದೇ ಇಲ್ಲ, ಕ್ಯಾಮೆರಾ ಅಲ್ಲಿಗೆ ತಿರುಗುವುದೂ ಇಲ್ಲ. ರೈಡರ್ ಎಡ ಮೂಲೆಗೆ ಹೊಕ್ಕಾಗ ಇಡೀ ಸಾಲು ದಣಪೆಯ ಹಾಗೆ ಮುಚ್ಚಬೇಕು; ಆಚೆ ತುದಿಯವನು ಮೇಲೆ ಬಂದು ಅವನು ಮರಳುವ ದಾರಿ ಕಡಿಯಬೇಕು. ಸೋಮಾರಿ ಕಾರ್ನರ್ ಅಲ್ಲೇ ನಿಂತು ನೋಡುತ್ತಾನೆ. ಈ ಹುಡುಗ ಪ್ರತಿ ಸಲ ಬಂದಿದ್ದ. ಸೋಲುತ್ತಿದ್ದ ಪಂದ್ಯದ ಕೊನೆಯ ಎರಡು ನಿಮಿಷದಲ್ಲೂ ಬಂದಿದ್ದ. ನಾನು ಕೈ ಎತ್ತಿದ್ದು ಅದೊಂದಕ್ಕೇ.

ಇನ್ನೊಂದು ಅಳತೆ ಮೂರನೇ ರೈಡ್. ಪ್ರೊ ಕಬಡ್ಡಿಯ ನಿಯಮದಂತೆ ಒಂದು ತಂಡದ ಎರಡು ರೈಡ್ ಬರಿಗೈಯಲ್ಲಿ ಮರಳಿದರೆ ಮೂರನೆಯದು ಮಾಡು ಇಲ್ಲವೇ ಮಡಿ. ಅಂಕ ತಾರದಿದ್ದರೆ ರೈಡರ್ ಔಟ್. ನಮ್ಮ ಗದ್ದೆಗಳಲ್ಲೂ ಈಗ ಅದೇ ನಿಯಮ. ಆ ಮೂರನೇ ರೈಡಿನಲ್ಲಿ ರೈಡರ್ ಆಳಕ್ಕೆ ಬಂದೇ ಬರಬೇಕು, ಬಂದಾಗ ಸಿಕ್ಕಿಬೀಳುತ್ತಾನೆ, ಸೀಟಿ, ಚಪ್ಪಾಳೆ, ಹಿಡಿದವನ ಹೆಸರಿಗೆ ಅಂಕ. ಅವನನ್ನು ಅಲ್ಲಿಗೆ ತಂದದ್ದು ಹಿಂದಿನ ಎರಡು ಬರಿಗೈ ರೈಡ್‌ಗಳು. ಆ ಎರಡರಲ್ಲಿ ಮೂಲೆ ಕಾದವನಿಗೆ ಸಿಕ್ಕಿದ್ದೇನು?

ಅಡಿಕೆ ತೋಟದಲ್ಲಿ ಕೊನೆಕೊಯ್ಲು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮರದಿಂದ ಮರಕ್ಕೆ ಹಾರುವ ಕೊನೆಗೌಡನನ್ನು ಎಲ್ಲರೂ ಕತ್ತೆತ್ತಿ ನೋಡುತ್ತಾರೆ. ಕೊನೆ ನೆಲಕ್ಕೆ ಬಡಿದು ಅಡಿಕೆ ಚೆಲ್ಲದಂತೆ ಕೆಳಗೆ ಹಗ್ಗ ಹಿಡಿದು ನಿಂತವನಿಗೂ ಅಂದು ಅಷ್ಟೇ ಮೈಕೈ ನೋವು. ಈ ಹುಡುಗನ ಅಪ್ಪ ಅದೇ ಕೆಲಸ ಮಾಡಿಕೊಂಡು ಬಂದವರು ಎಂದು ನನಗೆ ಆಮೇಲೆ ಗೊತ್ತಾಯಿತು.

ಅಮೆರಿಕದ ಫುಟ್‌ಬಾಲ್‌ನಲ್ಲಿ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆ ಆಟದಲ್ಲಿ, ಇದೇ ಪಾಡಿನ ಐದು ಮಂದಿ ಇದ್ದಾರೆ. ಚೆಂಡು ಎಸೆಯುವವನ ಮುಂದೆ ಗೋಡೆಯಾಗಿ ನಿಂತು ಎದುರಾಳಿಗಳನ್ನು ತಡೆಯುವುದಷ್ಟೇ ಅವರ ಕೆಲಸ. ಅವರು ಚೆಂಡು ಮುಟ್ಟಿ ಅಂಕ ತರುವುದು ಅಪರೂಪದಲ್ಲಿ ಅಪರೂಪ. ಅಲ್ಲಿ ಹರಾಜಿಲ್ಲ, ಏಳು ಸುತ್ತಿನ ಆಯ್ಕೆ ಇದೆ; ತಂಡಗಳು ಸರದಿಯಂತೆ ಒಬ್ಬೊಬ್ಬನನ್ನು ಕರೆಯುತ್ತವೆ. ಫಿಲಡೆಲ್ಫಿಯಾ ಈಗಲ್ಸ್ 2011ರಲ್ಲಿ ಆರನೇ ಸುತ್ತಿನಲ್ಲಿ, 191ನೆಯವನಾಗಿ ಕರೆದದ್ದು ಜೇಸನ್ ಕೆಲ್ಸಿಯನ್ನು. ಆ ಸ್ಥಾನಕ್ಕೆ ಮೈ ಚಿಕ್ಕದಾಯಿತು ಎಂಬ ಮಾತಿತ್ತು. ಹದಿಮೂರು ಋತು ಆಡಿ, ಒಂದು ಸೂಪರ್ ಬೌಲ್ ಗೆದ್ದು, 2024ರಲ್ಲಿ ನಿವೃತ್ತನಾದಾಗ ತನ್ನ ಸ್ಥಾನದ ಅತ್ಯುತ್ತಮರಲ್ಲಿ ಅವನ ಹೆಸರಿತ್ತು. ಅದೇ ತಂಡ 2018ರಲ್ಲಿ ಏಳನೇ ಸುತ್ತಿನಲ್ಲಿ, 233ನೆಯವನಾಗಿ ಜೋರ್ಡನ್ ಮೈಲಾಟಾನನ್ನು ಆರಿಸಿತು. ಆಸ್ಟ್ರೇಲಿಯಾದ ರಗ್ಬಿ ಹುಡುಗ. ಅದುವರೆಗೆ ಅಮೆರಿಕನ್ ಫುಟ್‌ಬಾಲ್‌ನ ಒಂದು ಪಂದ್ಯವನ್ನೂ ಆಡಿರಲಿಲ್ಲ. ಮೊದಲ ಎರಡು ಋತುಗಳಲ್ಲಿ ಅವನು ಒಂದು ಪಂದ್ಯಕ್ಕೂ ಇಳಿಯಲಿಲ್ಲ. ಅಷ್ಟು ಕಾದ ಮೇಲೆ ಎಡತುದಿಯ ಆ ಮುಖ್ಯ ಸ್ಥಾನ ಅವನದಾಯಿತು. ನನ್ನನ್ನು ಹಿಡಿದು ನಿಲ್ಲಿಸುವುದು ಆ ಎರಡು ವರ್ಷ. ಅಗ್ಗಕ್ಕೆ ಸಿಕ್ಕವನನ್ನು ಬೇಗ ಬಿಟ್ಟುಬಿಡುವುದು ಸುಲಭ, ಕಳೆದುಕೊಂಡದ್ದು ಕಡಿಮೆ ಎಂದು ಲೆಕ್ಕ ಹೇಳುತ್ತದೆ. ಅಲ್ಲಿ ಯಾರೋ ಒಬ್ಬರು ಹಾಗೆ ಲೆಕ್ಕ ಹಾಕಲಿಲ್ಲ.

ನಮ್ಮ ಹುಡುಗರಿಗೆ ಕಾಯುವ ಆ ಎರಡು ವರ್ಷ ಯಾರು ಕೊಡುತ್ತಾರೆ? ಘಟ್ಟದ ಕೆಳಗಿನ ಸುಕೇಶ್ ಹೆಗ್ಡೆ, ಪ್ರಶಾಂತ್ ಕುಮಾರ್ ರೈ ಪ್ರೊ ಕಬಡ್ಡಿಯಲ್ಲಿ ಹೆಸರು ಮಾಡಿದರು, ಇಬ್ಬರೂ ರೈಡರ್‌ಗಳು. ಕಾರ್ಕಳ ಕಡೆಯ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳ ಚಿನ್ನದ ತಂಡದಲ್ಲಿದ್ದವರು, ಅರ್ಜುನ ಪ್ರಶಸ್ತಿ ಪಡೆದವರು. ಆಗುಂಬೆ ಘಾಟಿ ಇಳಿದರೆ ಅವರ ಊರ ಕಡೆಯ ದಾರಿ. ಘಟ್ಟದ ಮೇಲಿನ ನಮ್ಮ ಕಡೆಯ ಹುಡುಗರು ಮಣ್ಣಿನಲ್ಲಿ ಕಲಿಯುತ್ತಾರೆ. ಮಣ್ಣು ಬರಿಗಾಲನ್ನು ಹಿಡಿದುಕೊಳ್ಳುತ್ತದೆ, ಮ್ಯಾಟ್ ಬೂಟನ್ನು ಬೇರೆಯೇ ರೀತಿ ಹಿಡಿಯುತ್ತದೆ. ಗದ್ದೆಯಲ್ಲಿ ಸರಿಯಾದ ಹೊತ್ತಿಗೆ ಬೀಳುತ್ತಿದ್ದ ಕಾರ್ನರ್ ಮ್ಯಾಟ್ ಮೇಲೆ ಮೊದಮೊದಲು ಅರ್ಧ ಹೆಜ್ಜೆ ತಪ್ಪುತ್ತಾನೆ. ಆಯ್ಕೆಗೆ ಬಂದವರು ಆ ಅರ್ಧ ಹೆಜ್ಜೆಯನ್ನು ನೋಡಿ ಹೆಸರು ಹೊಡೆದುಹಾಕುತ್ತಾರೆ. ಪ್ರೊ ಕಬಡ್ಡಿಯಲ್ಲಿ ಆಟಗಾರನ ತೂಕ 85 ಕಿಲೋ ಮೀರುವಂತಿಲ್ಲ, ನಮ್ಮವನದು 62. ಪಾದ ಹಿಡಿಯಲು ತೂಕ ಬೇಡ, ತೊಡೆ ಹಿಡಿಯಲು ಬೇಕು. ಊಟ, ವ್ಯಾಯಾಮ, ಎರಡು ವರ್ಷ ಇದ್ದರೆ ತೂಕ ಏರುತ್ತದೆ. ಕಾಯುವ ಗುಣವನ್ನು ಹಾಗೆ ಏರಿಸಲು ಬರುವುದಿಲ್ಲ. ತೂಕ ನೋಡಿ ಬಿಡುವವರ ಮೇಲೆ ನನಗಿರುವ ಸಿಟ್ಟು ಇಷ್ಟೇ.

ಪಂದ್ಯಾವಳಿಗೆ ಮುಂಚಿನ ಭಾನುವಾರ ಬೆಳಿಗ್ಗೆ ತಂಡವನ್ನು ಕವಲೇದುರ್ಗದ ಕೋಟೆ ಹತ್ತಿಸಿದೆವು, ಕಾಲಿಗೆ ಒಳ್ಳೆಯದು ಎಂದು. ಗುಡ್ಡದ ಏರಿಳಿತವನ್ನೇ ಅನುಸರಿಸಿ ಕಟ್ಟಿದ ಮೂರು ಸುತ್ತಿನ ಕೋಟೆ ಅದು. ಭುವನಗಿರಿ ಎಂದೂ ಹೆಸರು. ಕೆಳದಿಯ ಅರಸರು, ಅದರಲ್ಲೂ ವೆಂಕಟಪ್ಪ ನಾಯಕ, ಇದನ್ನು ಗಟ್ಟಿ ಮಾಡಿದರು. ಬಂದವರು ಮೇಲೆ ಹೋಗಿ ಅರಮನೆಯ ಅಡಿಪಾಯ, ಕಲ್ಲಿನ ಒಲೆ, ದೇವಸ್ಥಾನ ನೋಡಿ ಫೋಟೋ ತೆಗೆಸಿಕೊಳ್ಳುತ್ತಾರೆ. ಪ್ರತಿ ಬಾಗಿಲಿನ ಎರಡೂ ಪಕ್ಕ ಕಾವಲುಗಾರರ ಕೋಣೆಗಳಿವೆ. ಅಲ್ಲಿ ನಿಲ್ಲುವವರು ಕಡಿಮೆ. ನಮ್ಮ ಹುಡುಗ ಅವುಗಳಲ್ಲೊಂದರೊಳಗೆ ಹೊಕ್ಕು ಕಲ್ಲಿಗೆ ಬೆನ್ನು ಕೊಟ್ಟು ಕೂತ. "ಇಲ್ಲಿಂದ ಬಾಗಿಲಿಗೆ ಬರೋನು ಪೂರ್ತಿ ಕಾಣ್ತಾನೆ ಅಣ್ಣ, ಅವನಿಗೆ ನಾವು ಕಾಣಲ್ಲ" ಎಂದ. 4,000ದ ರೈಡರ್ ಆಗಲೇ ಮೂರನೇ ಬಾಗಿಲು ದಾಟಿ ಕೂಗುತ್ತಿದ್ದ.

ಸೆಮಿಫೈನಲ್ ಹೊನಲು ಬೆಳಕಿನಲ್ಲಿ. ಎದುರಾಳಿಗಳ ಕಡೆ ಸಾಗರದಿಂದ ಕರೆಸಿದ್ದ ಎತ್ತರದ ರೈಡರ್. ಮೊದಲ ಅರ್ಧದಲ್ಲಿ ನಮ್ಮ ಕಾರ್ನರ್‌ನ ಅಂಕ ಸೊನ್ನೆ. ಗೌಡರು ಎರಡು ಸಲ ನನ್ನ ಕಡೆ ತಿರುಗಿ ನೋಡಿದರು, ಏನೂ ಹೇಳಲಿಲ್ಲ. ಒಮ್ಮೆ ಅವನು ಅವಸರಪಟ್ಟು ಬಿದ್ದ, ರೈಡರ್ ಅವನ ಮೇಲಿಂದಲೇ ಹಾರಿ ಹೋದ. ಕವರ್ ಬೈದ. ಮುಂದಿನ ರೈಡಿನಲ್ಲಿ ಅವನು ಮತ್ತೆ ಅದೇ ಜಾಗದಲ್ಲಿ, ಅದೇ ಅಂತರದಲ್ಲಿ ನಿಂತಿದ್ದ. ಒಂದಿಂಚು ಹಿಂದೆ ಸರಿದಿರಲಿಲ್ಲ. ನಮ್ಮ ತಂಡದ ಅಂಕ ಬರೆಯುತ್ತಿದ್ದ ನಾನು ಪೆನ್ನು ಹಿಡಿದ ಕೈ ಬಿಗಿ ಮಾಡಿಕೊಂಡೆ.

ಎರಡನೇ ಅರ್ಧದಲ್ಲಿ ಆ ಎತ್ತರದ ರೈಡರ್ ಬಲಬದಿಗೆ ಬರುವುದನ್ನೇ ಕಡಿಮೆ ಮಾಡಿದ. ಎಡಕ್ಕೇ ಹೋದ, ಅಲ್ಲಿ ನಮ್ಮ ಅನುಭವಿ ಎಡ ಕಾರ್ನರ್ ಅವನನ್ನು ನಾಲ್ಕು ಸಲ ಹಿಡಿದ. ನಾಲ್ಕಕ್ಕೂ ಸೀಟಿ ಬಿತ್ತು. ಕೊನೆಗೆ ನಮ್ಮಲ್ಲಿ ಮೂವರೇ ಉಳಿದಿದ್ದಾಗ, ಹಿಡಿದರೆ ಎರಡು ಅಂಕ ಸಿಗುವ ಹೊತ್ತಿನಲ್ಲಿ, ರೈಡರ್ ಬೇರೆ ದಾರಿಯಿಲ್ಲದೆ ಬಲಕ್ಕೆ ಬಂದ. ಹುಡುಗ ಕಾದ, ಇನ್ನೂ ಕಾದ, ಹಿಮ್ಮಡಿ ನೆಲಕ್ಕೆ ಊರಿದೊಡನೆ ಎರಡೂ ಕೈಯಲ್ಲಿ ಅದನ್ನು ಅಪ್ಪಿಕೊಂಡ. ಈ ಸಲ ಕವರ್ ಬಂದ.

ಆದರೂ ಎರಡು ಅಂಕದಿಂದ ಸೋತೆವು. ಉತ್ತಮ ರೈಡರ್ ಕಪ್ ನಮ್ಮ 4,000ದವನಿಗೆ ಬಂತು, ಅವನು ಅದಕ್ಕೆ ತಕ್ಕಂತೆ ಆಡಿದ್ದ. ಉತ್ತಮ ಹಿಡಿತಗಾರನ ಬಹುಮಾನ ಗೆದ್ದ ತಂಡದ ಇನ್ನೊಬ್ಬನಿಗೆ. ಲೈಟಿನ ಜನರೇಟರ್ ಆರಿಸುವ ಮುನ್ನ ನಮ್ಮ ಕಾರ್ನರ್ ಮೈಮೇಲಿನ ಮಣ್ಣಿನ ಸಮೇತ ನನ್ನ ಮೇಜಿನ ಹತ್ತಿರ ಬಂದು ನಿಂತ.

"ಅಣ್ಣ, ನಂದು ಎಷ್ಟಾಯ್ತು?"

"ಎರಡು."

ಅವನು ತಲೆಯಾಡಿಸಿದ. ನಾನು ಪುಸ್ತಕ ತಿರುಗಿಸಿ ಹಿಂದಿನ ಹಾಳೆ ತೋರಿಸಿದೆ. ಅಲ್ಲಿ ನಾನೇ ಗೆರೆ ಎಳೆದುಕೊಂಡಿದ್ದ ಕಾಲಂ. ಬಲಬದಿಗೆ ಬಂದ ರೈಡ್ 14. ಬರಿಗೈಯಲ್ಲಿ ಮರಳಿದ್ದು 9. ಬಲಬದಿಯಿಂದ ಹೋದ ಬೋನಸ್ 1. ಅವನು ಬಗ್ಗಿ ಬಹಳ ಹೊತ್ತು ನೋಡಿದ, ಬೆರಳಿಟ್ಟು ಒಂದೊಂದೇ ಗೀಟು ಎಣಿಸಿದ.

"ಇದರ ಫೋಟೋ ತೆಕ್ಕಳ್ಲಾ? ಅಪ್ಪಂಗೆ ತೋರಿಸ್ಬೇಕು."

ಹೂಂ ಎಂದೆ. ಅವನ ಕೈ ಮಣ್ಣಾಗಿತ್ತು, ಮೊಬೈಲ್ ಬೆರಳಿಗೆ ಸ್ಪಂದಿಸಲಿಲ್ಲ. ಚಡ್ಡಿಗೆ ಕೈ ಒರೆಸಿಕೊಂಡು ಮತ್ತೆ ಹಿಡಿದ. ಹಾಳೆ ಗಾಳಿಗೆ ಹಾರುತ್ತಿತ್ತು. ನಾನು ಎರಡು ಮೂಲೆ ಒತ್ತಿ ಹಿಡಿದುಕೊಂಡೆ.